ತೂಕ ನೋಡಲು ಬಂದವಳು

ಹೊಲಿಗೆ ಅಜ್ಜಿ ಎಂದರೆ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಹೋಟೆಲುಗಳ ಪರದೆಗಳಿಗೆ ಅಂಚು ಹೊಲಿದೇ ಮಗಳನ್ನು ಬೆಳೆಸಿದವಳು. ಅವಳ ಬುಡಕಟ್ಟಿನ ಜನ ಆ ಓಣಿಯಿರುವ ಹೊಳೆದಂಡೆಗೆ ಎಲ್ಲರಿಗಿಂತ ಮೊದಲಿನವರು. ಊರು ಅವರ ಸುತ್ತ ಆಮೇಲೆ ಬೆಳೆಯಿತು. ಯಾರ ಗೊಡವೆಗೂ ಹೋಗದ ಗಟ್ಟಿ ಹೆಂಗಸು. ಬಿಳಿ ಕೋಟು ಕಂಡರೆ ಮಾತ್ರ ಅವಳು ಹೆದರುತ್ತಿದ್ದಳು. ಚಿಕ್ಕವಳಿದ್ದಾಗ ಬಿಳಿ ಕೋಟಿನ ಹೆಂಗಸೊಬ್ಬಳು ತಕ್ಕಡಿ ಹಿಡಿದು ಬಂದು, ತೂಕ ನೋಡುತ್ತೇವೆಂದು ಹೇಳಿ ಅವಳೂ ಸೇರಿ ಅವರ ಜನದ ಮಕ್ಕಳನ್ನೆಲ್ಲ ವ್ಯಾನಿಗೆ ಹತ್ತಿಸಿಕೊಂಡು ಹೋಗಿದ್ದಳು. ದೂರದ ಹಾಸ್ಟೆಲಿನಿಂದ ಮರಳುವ ಹೊತ್ತಿಗೆ ಅಮ್ಮ ಮಣ್ಣು ಸೇರಿದ್ದಳು, ಅಮ್ಮನ ಭಾಷೆಯೂ ನಾಲಿಗೆಯಿಂದ ಜಾರಿಹೋಗಿತ್ತು.

ಮಗಳು ಕಾರ್ಖಾನೆಗೆ ಹೋಗಿದ್ದ ಒಂದು ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಅಜ್ಜಿ ಕಿಟಕಿಯಿಂದ ಇಣುಕಿದಳು. ಬಿಳಿ ಕೋಟು. ಕೈಯಲ್ಲಿ ತೂಕದ ಯಂತ್ರ. ತೊಟ್ಟಿಲಲ್ಲಿದ್ದ ಮೊಮ್ಮಗಳನ್ನು ಅವಚಿಕೊಂಡು, ಬಾಗಿಲ ಪಕ್ಕದ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದಳು.

"ಅಜ್ಜೀ, ಆಸ್ಪತ್ರೆಯಿಂದ ಬಂದಿದೀನಿ. ಪಾಪು ತೂಕ ನೋಡ್ಬೇಕು." ತಡವರಿಸುವ ಮಾತು, ಎಲ್ಲಿಂದಲೋ ವಲಸೆ ಬಂದವಳದ್ದು.

"ಇಲ್ಲಿ ಪಾಪೂನೂ ಇಲ್ಲ, ಗೀಪೂನೂ ಇಲ್ಲ" ಎಂದಳು ಅಜ್ಜಿ. ಕೂಸು ಕಿಟಾರನೆ ಕಿರುಚಿ ಅವಳ ಸುಳ್ಳನ್ನು ಬಯಲು ಮಾಡಿತು.

ಅಷ್ಟರಲ್ಲಿ ಓಣಿಯಲ್ಲಿ ವ್ಯಾನೊಂದು ನಿಂತಿತು. ಅಜ್ಜಿ ಕೂಸನ್ನು ಇನ್ನಷ್ಟು ಅವಚಿಕೊಂಡಳು. ಬಚ್ಚಲ ಗವಾಕ್ಷಿಯಿಂದ ನೋಡಿದರೆ ಇಳಿದವರು ಪೊಲೀಸರು; ಹೊರಗಿನಿಂದ ಬಂದವರ ಕಾಗದಪತ್ರ ಕೇಳುತ್ತ ಮನೆಮನೆ ತಿರುಗುವವರು. ನರ್ಸು ಹಲ್ಲಿಯಂತೆ ಗೋಡೆಗೆ ಅಂಟಿಕೊಂಡಿದ್ದಳು.

"ಅಜ್ಜೀ, ಒಳಗೆ ಬಿಡ್ತೀರಾ?"

ಆ ಹೆದರಿದ ದನಿ ಅಜ್ಜಿಗೆ ಗೊತ್ತಿತ್ತು. ಅಂದು ವ್ಯಾನಿನೊಳಗೆ ಮಕ್ಕಳೆಲ್ಲ ಮಾತಾಡಿದ್ದು ಅದೇ ದನಿಯಲ್ಲಿ. ಅವಳು ಮುಂಬಾಗಿಲು ತೆರೆದು ನರ್ಸನ್ನು ಒಳಗೆಳೆದುಕೊಂಡಳು. ಬಚ್ಚಲಲ್ಲಿ ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಬೂಟಿನ ಸದ್ದು ಹತ್ತಿರ ಬಂತು, ನಿಂತಿತು, ಪಕ್ಕದ ಮನೆ ದಾಟಿ ಹೋಯಿತು.

"ನಿನ್ನ ಹತ್ರ ಕಾಗದ ಇಲ್ವಾ ಮಗಳೇ?"

"ಇದೆ ಅಜ್ಜಿ. ನಮ್ಮಣ್ಣನ ಹತ್ರಾನೂ ಇತ್ತು. ಆದ್ರೂ ಕರ್ಕೊಂಡು ಹೋದ್ರು. ಎಲ್ಲಿದಾನೋ ಗೊತ್ತಿಲ್ಲ."

ಅಜ್ಜಿ, ಮಗಳಿಗೂ ಹೇಳದಿದ್ದ ಆ ತಕ್ಕಡಿಯ ಕತೆ ಹೇಳಿದಳು.

ನರ್ಸು ಕೋಟು ಬಿಚ್ಚಿ ಚೀಲಕ್ಕೆ ತುರುಕಿದಳು. "ಪಾಪೂನ ನನ್ನ ಕೈಗೆ ಕೊಡ್ಬೇಡಿ. ಎತ್ಕೊಂಡು ನೀವೇ ಇದರ ಮೇಲೆ ನಿಲ್ಲಿ. ಆಮೇಲೆ ತೊಟ್ಟಿಲಿಗೆ ಹಾಕಿ ನೀವೊಬ್ರೇ ನಿಲ್ಲಿ. ಅದರಲ್ಲಿ ಇದನ್ನ ಕಳೆದ್ರೆ ಆಯ್ತು."

"ನನ್ನ ತೂಕ ಮಾತ್ರ ಓಣೀಲಿ ಸಾರ್ಬೇಡ" ಎಂದಳು ಅಜ್ಜಿ, ಕೂಸಿನೊಂದಿಗೆ ಯಂತ್ರ ಹತ್ತುತ್ತ. ಕೂಸು ಚೆನ್ನಾಗಿಯೇ ಬೆಳೆಯುತ್ತಿತ್ತು.

ಅಜ್ಜಿಯ ಜನದ ಎಷ್ಟೋ ಮನೆಗಳು ನರ್ಸುಗಳಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಮುಂದಿನ ತಿಂಗಳಿಂದ ಅಜ್ಜಿಯೇ ಈ ನರ್ಸಿನ ಮುಂದೆ ನಡೆದು, "ನಾನೂ ಜೊತೆಗಿದೀನಿ, ತೆಗೀರಿ" ಎನ್ನತೊಡಗಿದಳು. ಹಾಗಂತ ಹೆದರಿಕೆ ಹೋಯಿತೆಂದಲ್ಲ. ಪ್ರತಿ ಹೊಸ್ತಿಲಲ್ಲೂ ನರ್ಸಿನ ಕಣ್ಣು ಬೀದಿಯ ಮೇಲಿರುತ್ತಿತ್ತು, ಅಜ್ಜಿಯ ಕಣ್ಣು ನರ್ಸಿನ ಕೈಗಳ ಮೇಲೆ.