ಕಂಪನಿಯಲ್ಲಿ ನನ್ನ ಪಾತ್ರ

ಹನ್ನೊಂದು ವರ್ಷದ ಹಿಂದೆ, ಕೆಲಸ ಸಿಕ್ಕಿತೆಂದು ಹೇಳಲು ಪೇಢೆ ಹಿಡಿದುಕೊಂಡು ಐಗಳಿಯ ಸೋದರತ್ತೆಯ ಮನೆಗೆ ಹೋಗಿದ್ದೆ. ದೊಡ್ಡ ಕಂಪನಿ ಎಂದು ಹೆಮ್ಮೆಯಿಂದ ಹೇಳಿದೆ. ಅತ್ತೆ ಪೇಢೆಯನ್ನು ಕೈಯಲ್ಲೇ ಹಿಡಿದು, ಬಾಗಿಲು ಮುಂದಕ್ಕೆ ಮಾಡಿ, ದನಿ ತಗ್ಗಿಸಿ ಕೇಳಿದಳು: "ಏನ್ ಪಾತ್ರ ಕೊಟ್ಟಾರಬೇ?"

ಅವಳ ತಪ್ಪಲ್ಲ. ನಮ್ಮ ಕಡೆಯ ಹಳೆಯ ತಲೆಗಳಿಗೆ ಕಂಪನಿ ಎಂದರೆ ನಾಟಕ ಕಂಪನಿ. ಮಾಮಾ ಅಂಥದ್ದೊಂದರಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ಅತ್ತೆ ಅವನ ಹಿಂದೆ ಕ್ಯಾಂಪಿನಿಂದ ಕ್ಯಾಂಪಿಗೆ ತಿರುಗಿ ಎಲ್ಲರಿಗೂ ರೊಟ್ಟಿ ಬಡಿದವಳು. ಕಂಪನಿ ಸೇರಿದ ಹೆಣ್ಣುಮಗಳ ಬಗ್ಗೆ ಊರು ಏನು ಮಾತಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನನ್ನದು ಪಶು ಆಹಾರದ ಕಂಪನಿ, ಎಮ್ಮೆ ತಿನ್ನುವ ಹಿಂಡಿ ಮಾರುವುದು, ಚಿಕ್ಕೋಡಿಯಲ್ಲಿ ಆಫೀಸು ಎಂದು ಬಿಡಿಸಿ ಹೇಳಿದ ಮೇಲೆಯೇ ಪೇಢೆ ಬಾಯಿಗೆ ಹೋದದ್ದು. ಆದರೂ ಆಮೇಲೆ ಸಿಕ್ಕಾಗಲೆಲ್ಲ ಪಾತ್ರ ಹೇಗೆ ನಡೆದಿದೆ ಎಂದೇ ಕೇಳುತ್ತಿದ್ದಳು. ನಾನು ನಗುತ್ತಿದ್ದೆ. ಆ ನಗು ನಿಂತದ್ದು ಈಚೆಗೆ.

ಈಚೆಗೆ ಕಂಪನಿಯಲ್ಲಿ ಜನರನ್ನು ತೆಗೆಯತೊಡಗಿದರು. ಹಾಗನ್ನಬಾರದು, 'ರೈಟ್ ಸೈಜಿಂಗ್' ಎನ್ನಬೇಕು. ಮೊದಲು 'ನಾವೆಲ್ಲ ಒಂದೇ ಕುಟುಂಬ' ಎಂಬ ಮೇಲ್ ಬರುತ್ತದೆ. ಅದು ಬಂತೆಂದರೆ ಕುಟುಂಬಕ್ಕೆ ಸೂತಕ ಬಂತೆಂದೇ ಲೆಕ್ಕ. ಆಮೇಲೆ ಯಾರಿಗೋ ಹದಿನೈದು ನಿಮಿಷದ ವಿಡಿಯೋ ಕರೆ. ನಿಪ್ಪಾಣಿಯ ಸಹೋದ್ಯೋಗಿಗೆ ಅದು ಬಂದಾಗ ಅವನು ಬೈಕಿನ ಮೇಲಿದ್ದ. ಬದಿಗೆ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅವನ ಒಂಬತ್ತು ವರ್ಷದ ನೌಕರಿ ಮುಗಿದಿತ್ತು. ಅವನ ನಿಪ್ಪಾಣಿಯನ್ನು ನನ್ನ ತಲೆಗೆ ಕಟ್ಟಿದರು. ಹಿಂದೆಯೇ ರಾಯಬಾಗ, ಅಥಣಿ, ಕಾಗವಾಡ ಬಂದವು. ಏರಿಯಾ ಮ್ಯಾನೇಜರ್ ಎಂಬ ಹುದ್ದೆ ಇಳಿಸಿ 'ಫೀಲ್ಡ್ ಪಾರ್ಟ್‌ನರ್' ಎಂದರು. ಐದು ತಾಲೂಕು, ಒಂದು ಸ್ಕೂಟಿ, ಸಂಬಳ ಅಷ್ಟೇ. ಹಾಜರಿಗೆ ದಿನಾ ಎಮ್ಮೆಯ ಜೊತೆ ಸೆಲ್ಫಿ ಕಳಿಸಬೇಕು. ಅಲಖನೂರಿನಲ್ಲಿ ಒಮ್ಮೆ ಆ್ಯಪ್ ನಾಲ್ಕು ಸಲ ನನ್ನ ಮುಖ ಗುರುತಾಗುತ್ತಿಲ್ಲ ಎಂದಿತು. ಐದನೆಯ ಸಲ ಎಮ್ಮೆ ಮುಂದೆ ತಲೆ ಹಾಕಿತು, ಹಾಜರಿ ಬಿತ್ತು.

ರಾಜೀನಾಮೆ ಬರೆದಿಟ್ಟು ಏಳು ತಿಂಗಳಾಗಿತ್ತು, ಕಳಿಸಿರಲಿಲ್ಲ. ನಾನಾಗಿ ಬಿಟ್ಟರೆ ಕಂಪನಿಯ ಚಿತ್ರವಿರುವ ಒಂದು ಚಹಾ ಕಪ್ ಕೊಡುತ್ತಾರೆ. ಅವರೇ ತೆಗೆದರೆ ಕೆಲವು ತಿಂಗಳ ಪಗಾರ ಕೊಡುತ್ತಾರೆ. ಹಾಗಾಗಿ ಅವರೇ ತೆಗೆಯಲಿ ಎಂದು ನಾನು, ಇವಳೇ ತೊಲಗಲಿ ಎಂದು ಅವರು, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಕಾಯುತ್ತಿದ್ದೆವು. ಪಗಾರದ ಮಾತು ಬರೀ ನೆಪ. ನನಗೆ ಅಂಜಿಕೆಯಿತ್ತು. ನಲವತ್ತರ ಹೊಸ್ತಿಲಲ್ಲಿರುವವಳನ್ನು ಇನ್ಯಾರು ಕರೆಯುತ್ತಾರೆ?

ನೌಕರಿಗಿಂತ ಹೆಚ್ಚು ಅಸಹ್ಯವಾಗಿದ್ದು ನನ್ನ ಬಾಯಿ. ಆ ವರ್ಷ ಹಿಂಡಿಯಲ್ಲಿ ಏನೋ ಕಡಿಮೆ ಮಾಡಿ, ಚೀಲಕ್ಕೆ ಬಣ್ಣ ಹೆಚ್ಚು ಮಾಡಿ, 'ಹೊಸ ಫಾರ್ಮುಲಾ' ಎಂದು ಬರೆದಿದ್ದರು. ಅದನ್ನು ಊರೂರಿಗೆ ಹೊಗಳಿ ಬರುವುದು ನನ್ನ ಕೆಲಸ. ಶಿರಗುಪ್ಪಿಯಲ್ಲಿ ಮೊದಲಿನಿಂದ ನಮ್ಮ ಹಿಂಡಿಯನ್ನೇ ಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಭಾಷಣವನ್ನೆಲ್ಲ ಸಮಾಧಾನದಿಂದ ಕೇಳಿ, "ಚೀಲದ ಮ್ಯಾಲ ಏನರ ಬರೀರಿ ಅಕ್ಕಾರ, ನಮ್ಮ ಎಮ್ಮಿಗೆ ಓದಾಕ ಬರೂದಿಲ್ರಿ. ಅದು ತಿಂದ ನೋಡತೈತಿ" ಎಂದಳು.

ಆ ವಾರ ಐಗಳಿಗೆ ಹೋದಾಗ ಅತ್ತೆಗೆ ಎಲ್ಲ ಹೇಳಿಕೊಂಡೆ. ಹುದ್ದೆ ಇಳಿಸಿದ ವಿಷಯಕ್ಕೆ ಅವಳು ಬೆರಗಾಗಲಿಲ್ಲ.

"ನಮ್ಮ ಮಾಲಕನೂ ಯಾರನ್ನೂ ಹೋಗು ಅಂತಿರಲಿಲ್ಲಬೇ" ಎಂದಳು. "ರಾಜನ ಪಾತ್ರದಾಂವಗ ಬಾಗಲಾ ಕಾಯೂ ಪಾತ್ರ ಕೊಡತಿದ್ದ. ಮಾನಾ ಇದ್ದಾಂವ ತಾನ ಹೋಗತಿದ್ದ."

ಮಾಮಾ ಯಾವಾಗ ಬಿಟ್ಟ ಎಂದು ಕೇಳಿದೆ. ಅವನು ಬಿಡಲೇ ಇಲ್ಲವಂತೆ. ಪೇಟಿಯ ತಿದಿ ಹರಿದು ಸ್ವರ ಹೊರಡದಿದ್ದರೂ ಕಡೆಯ ಆಟದವರೆಗೆ ಅದರ ಮೇಲೆ ಬೆರಳು ಆಡಿಸುತ್ತ ಕುಳಿತಿರುತ್ತಿದ್ದನಂತೆ. ಮುಂದೆ ಕುಳಿತ ಜನಕ್ಕೆ ಅದು ಗೊತ್ತಾಗುತ್ತಿತ್ತು. ಪರದೆಯ ಹಿಂದೆ ನಿಂತ ತನಗೆ ನೆಲ ಬಿರಿಯಬಾರದೇ ಅನ್ನಿಸುತ್ತಿತ್ತು ಎಂದಳು.

ನನ್ನ ಸರದಿ ಬೇಗ ಬಂತು. ಕಂಪನಿಯಲ್ಲಿ ತಿಂಗಳಿಗೊಮ್ಮೆ 'ಟೌನ್ ಹಾಲ್' ಎಂಬ ವಿಡಿಯೋ ಸಭೆ ನಡೆಯುತ್ತದೆ. ಅದರಲ್ಲಿ ಟೌನೂ ಇಲ್ಲ, ಹಾಲೂ ಇಲ್ಲ. ಈ ಸಲ ಹನ್ನೊಂದು ವರ್ಷದ ನಿಷ್ಠೆಯ ನಮೂನೆಯಾಗಿ ನನ್ನನ್ನು ಆರಿಸಿದ್ದರು. ಕೊಟ್ಟಿಗೆಯಲ್ಲಿ ನಿಂತು, ಎಮ್ಮೆ ಹೊಸ ಫಾರ್ಮುಲಾ ತಿನ್ನುವುದನ್ನು ನೇರವಾಗಿ ತೋರಿಸಿ ಎರಡು ನಿಮಿಷ ಮಾತಾಡಬೇಕು. ಮಾತನ್ನೂ ಅವರೇ ಬರೆದು ಕಳಿಸಿದ್ದರು.

ಶಿರಗುಪ್ಪಿಯ ಆ ಹೆಣ್ಣುಮಗಳೇ ಎಮ್ಮೆ ಕೊಟ್ಟಳು. ಗೂಟಕ್ಕೆ ಫೋನು ಕಟ್ಟಿ, ಇಸ್ತ್ರಿ ಮಾಡಿದ ಸೀರೆಯುಟ್ಟು, ಈ ಫಾರ್ಮುಲಾ ನಮ್ಮ ರೈತರ ಮನ ಗೆದ್ದಿದೆ ಎಂದು ಶುರು ಮಾಡಿದೆ. ಎಮ್ಮೆ ಬುಟ್ಟಿಗೆ ಮೂತಿ ಹಾಕಿ ಮೂಸಿ ನೋಡಿತು. ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ಹಿಂಡಿಯನ್ನು ನನ್ನ ಸೀರೆಗೆ ಹಾರಿಸಿತು. ಬುಟ್ಟಿ ಕೆಡವಿ ಕ್ಯಾಮೆರಾದ ಕಡೆ ಹಿಂಭಾಗ ತಿರುಗಿಸಿ ಬಾಲ ಎತ್ತಿತು. ನನ್ನ ಬಾಯಿ ಮಾತ್ರ ಮನ ಗೆದ್ದಿದೆ, ಮನ ಗೆದ್ದಿದೆ ಎನ್ನುತ್ತಲೇ ಇತ್ತು. ಕೋಣನ ಮುಂದೆ ಕಿನ್ನರಿ ಎಂದು ಗಾದೆ ಮಾಡಿದವರು ಆ ದಿನ ಅಲ್ಲಿದ್ದರೆ, ತಪ್ಪು ಕಿನ್ನರಿಯದೆಂದು ತಿದ್ದಿ ಬರೆಯುತ್ತಿದ್ದರು.

ಮೇಲಿನವರು ಪಟ್ಟನೆ ನೆಟ್‌ವರ್ಕ್ ಸರಿಯಿಲ್ಲವೆಂದು ಘೋಷಿಸಿ ಮುಂದಕ್ಕೆ ಹೋದರು. ಐದು ನಿಮಿಷದಲ್ಲಿ ನನ್ನ ಬಾಸ್ ಫೋನು ಮಾಡಿದ. ಬೈಯಲಿಲ್ಲ. ಅರ್ಧ ಹಿಂದಿ, ಅರ್ಧ ಮರಾಠಿಯಲ್ಲಿ ಉಪಾಯ ಹೇಳಿಕೊಟ್ಟ: ನಾಳೆ ಬೇರೆ ಎಮ್ಮೆ ನೋಡು, ಒಂದು ದಿನ ಮೇವು ಹಾಕದೆ ಕಟ್ಟಿಸು, ಹಸಿದದ್ದು ಏನು ಹಾಕಿದರೂ ತಿನ್ನುತ್ತದೆ.

ನನಗೆ ಮೈಯೆಲ್ಲ ಉರಿಯಿತು. ಎಮ್ಮೆಗಾಗಿ ಅಲ್ಲ. ಹನ್ನೊಂದು ವರ್ಷ ನಾನು ಗೋಣು ಆಡಿಸುತ್ತ ತಿಂದದ್ದು ಹೀಗೆಯೇ ಎಂದು ಆಗ ತಿಳಿಯಿತು. ಆಗಲಿ ಸರ್ ಎಂದು ಫೋನಿಟ್ಟು, ಆ ಕೊಟ್ಟಿಗೆಯಲ್ಲೇ ನಿಂತು ಏಳು ತಿಂಗಳ ಹಳೆಯ ರಾಜೀನಾಮೆ ಕಳಿಸಿದೆ. ಒಂದು ಬೆರಳಿನ ಕೆಲಸ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ತಿನ್ನುತ್ತ ನೇರ ಐಗಳಿಗೆ ಹೋದೆ. ಕಂಪನಿ ಬಿಟ್ಟು ಬಂದೆ ಎಂದೆ. ಅತ್ತೆ ನನ್ನ ಮುಖವನ್ನೊಮ್ಮೆ ದಿಟ್ಟಿಸಿ, ರೊಟ್ಟಿಯ ಬುಟ್ಟಿ ಮುಂದಕ್ಕೆಳೆದುಕೊಂಡಳು.

"ಮದಲ ಬಣ್ಣಾ ತೊಳಕೊಂಡ ಬಾ" ಎಂದಳು. "ಆಮ್ಯಾಲ ಉಣ್ಣುವಂತಿ."

ಅದು ದಾರಿಯ ಧೂಳು ಅತ್ತೆ ಎನ್ನಲು ಹೊರಟವಳು ಬಚ್ಚಲಿಗೆ ಹೋಗಿ ಮೂರು ಸಲ ಮುಖ ತೊಳೆದೆ.