ರೋಡೆವಾಲ್ಡರ ಗುರುವಾರಗಳು

ಹೊಳೆದಂಡೆಯ ನಮ್ಮ ಹೋಟೆಲಿನಲ್ಲಿ ಗುರುವಾರ ಸಂಜೆ ಊರಿನ ಗಂಡಸರು ಕಿಟಕಿ ಬಳಿಯ ಉದ್ದ ಮೇಜಿಗೆ ಸೇರುತ್ತಿದ್ದರು. ಬಂದವನು ಒಬ್ಬೊಬ್ಬರ ಕೈ ಕುಲುಕುತ್ತಾ ಕೂರುವುದಿಲ್ಲ. ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಾನೆ, ಎಲ್ಲರಿಗೂ ನಮಸ್ಕಾರ ಹೇಳಿದ ಹಾಗಾಯಿತು. ಕೂತವರು ತಿರುಗಿ ತಟ್ಟಿ ಜಾಗ ಬಿಡುತ್ತಾರೆ. ಅಡಿಗೆಮನೆಯಲ್ಲಿದ್ದ ನನಗೆ ತಟ್ಟಿದ ಸದ್ದಿನಲ್ಲೇ ಯಾರು ಬಂದರೆಂದು ಗೊತ್ತಾಗುತ್ತಿತ್ತು. ಒಲೆ ಪಕ್ಕದ ಸಣ್ಣ ಮೇಜನ್ನು ಮಾತ್ರ ಒಂಬತ್ತು ವರ್ಷ ಯಾರೂ ತಟ್ಟಲಿಲ್ಲ. ಅಲ್ಲಿ ಜನರಲ್ ರೋಡೆವಾಲ್ಡ್ ಕೂರುತ್ತಿದ್ದರು.

ಅವರು ನಮ್ಮೂರಿನವರೇ, ಅಂಚೆ ಹಂಚುತ್ತಿದ್ದ ಯೋಸ್ಟನ ಮಗ. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಯುದ್ಧಕ್ಕೆ ಹೋದರು. ಅದು ಮುಗಿದು ಜೊತೆಯವರು ಮನೆ ಸೇರಿದರೂ ಅವರು ಜರ್ಮನ್ ಸೈನ್ಯದಲ್ಲೇ ಉಳಿದರು. ಎರಡನೆಯದರಲ್ಲಿ ಪೋಲೆಂಡ್, ಫ್ರಾನ್ಸ್, ಆಮೇಲೆ ರಷ್ಯಾ. ಜನರಲ್ ಆದರೆಂದು ಪತ್ರಿಕೆಯಲ್ಲಿ ಬಂದ ವಾರ ಉದ್ದ ಮೇಜಿನವರು ತವರದ ಮುಚ್ಚಳದ ಬಿಯರ್ ಮಗ್ಗೊಂದರ ಮೇಲೆ ಅವರ ಹೆಸರು ಕೆತ್ತಿಸಿ, ತಮ್ಮ ಮಗ್ಗುಗಳ ಸಾಲಿನಲ್ಲಿ ತೂಗುಹಾಕಿದರು. ಅವರ ಪಡೆಯಲ್ಲಿ ನಮ್ಮೂರಿನ ಇಪ್ಪತ್ತಾರು ಜನ ಇದ್ದರು. ನನ್ನ ತಮ್ಮ ವೆಂಡೆಲಿನ್ ಅವರಲ್ಲೊಬ್ಬ.

ನಲವತ್ತನಾಲ್ಕರ ಬೇಸಿಗೆಯಲ್ಲಿ ಒಂದು ಸೇತುವೆಯ ಬಳಿ ಅವರಲ್ಲಿ ಇಪ್ಪತ್ತೊಂದು ಜನ ಸತ್ತರು. ವೆಂಡೆಲಿನ್ನೂ ಸತ್ತ. ಜನರಲ್ ಸೆರೆಸಿಕ್ಕರು. ಹನ್ನೊಂದು ವರ್ಷದ ಮೇಲೆ ಬಿಡುಗಡೆಯಾಗಿ ಬಂದಾಗ ಅವರಿಗೆ ಯಾರೂ ಇರಲಿಲ್ಲ. ಹೆಂಡತಿ ವ್ಯುರ್ಜ್‌ಬುರ್ಗ್ ನಗರ ಬಾಂಬಿಗೆ ಉರಿದಾಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಪ್ಪ ಬದುಕಿದ್ದ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು.

ಮೊದಲ ಗುರುವಾರ ಗಡ್ಡ ಬೋಳಿಸಿ, ಕೋಟು ಹಾಕಿಕೊಂಡು ಬಂದು ಉದ್ದ ಮೇಜನ್ನು ಎರಡು ಸಲ ತಟ್ಟಿದರು. ಯಾರ ಕೈಯೂ ಏಳಲಿಲ್ಲ, ಯಾರೂ ಸರಿಯಲಿಲ್ಲ. ಜನರಲ್ ತಮ್ಮ ಮಗ್ಗನ್ನು ತಾವೇ ಇಳಿಸಿಕೊಂಡು ಒಲೆ ಪಕ್ಕಕ್ಕೆ ಹೋದರು. ನಾನು ಬೇಳೆ ಸೂಪು ಒಯ್ದು ಕೊಟ್ಟೆ.

"ನೀನು ವೆಂಡೆಲಿನ್‌ನ ಅಕ್ಕ ಅಲ್ವೇನಮ್ಮ?"

"ಹೌದು ಸಾಹೇಬ್ರೆ, ಅಫ್ರಾ" ಎಂದು ಒಳಗೆ ಬಂದುಬಿಟ್ಟೆ.

ಮೂರನೆಯ ಚಳಿಗಾಲದಲ್ಲಿ ಚಪ್ಪಲಿ ಹೊಲಿಯುವ ಕಿಲಿಯಾನ್ ಉದ್ದ ಮೇಜಿನಿಂದ ಎದ್ದು ಬಂದ. ಅದೇ ಸೇತುವೆಯಲ್ಲಿ ಎಡಗಾಲು ಬಿಟ್ಟು ಬಂದವನು ಅವನು.

"ಸಾಹೇಬ್ರೆ, ಒಂದೇ ಮಾತು. ಹಿಂದಕ್ಕೆ ಬರೋಕೆ ಬರ್ಲಿನ್‌ನೋರು ಬಿಡಲಿಲ್ಲ, ಅಲ್ವಾ? ಹೂಂ ಅಂದುಬಿಡಿ ಸಾಕು. ನನ್ನ ಕಾಲಿಲ್ಲದ ಕಡೆ ಕೂತ್ಕೊಳ್ಳಿ, ಅಲ್ಲಿ ಜಾಗ ಧಾರಾಳವಾಗಿದೆ."

ಮೇಜಿನವರು ನಕ್ಕರು. ಒಬ್ಬಿಬ್ಬರು ಆಗಲೇ ಬೆಂಚಿನಲ್ಲಿ ಸರಿದಿದ್ದರು. ಮಗನನ್ನೋ ತಮ್ಮನನ್ನೋ ಕಳೆದುಕೊಂಡವರೇ ಎಲ್ಲರೂ. ತಪ್ಪು ದೂರದಲ್ಲಿದ್ದ ಯಾರದೋ ಆಗಲಿ ಎಂಬುದಷ್ಟೇ ಅವರ ಆಸೆ. ನಾನೂ ಸೌಟು ಹಿಡಿದು ಬಾಗಿಲಲ್ಲಿ ನಿಂತು, ಹೂಂ ಅನ್ನಲಿ ದೇವರೇ ಎಂದುಕೊಂಡೆ.

ಜನರಲ್ ಚಮಚ ಕೆಳಗಿಟ್ಟರು.

"ಬೇಕಾದ್ರೆ ಹಿಂದಕ್ಕೆ ಬಾ ಅಂತ ಅಪ್ಪಣೆ ಬಂದಿತ್ತು ಕಿಲಿಯಾನ್. ಮಂಗಳವಾರ ಬೆಳಿಗ್ಗೆ. ಇನ್ನೆರಡು ದಿನ ಹಿಡಿದು ನಿಂತ್ರೆ ನನಗೆ ಹೆಸರು ಬರುತ್ತೆ ಅಂದ್ಕೊಂಡೆ. ಗುರುವಾರ ನೀವೆಲ್ಲ ಸಿಕ್ಕಿಹಾಕ್ಕೊಂಡ್ರಿ."

"ಅಯ್ಯೋ, ಇದನ್ನ ಯಾರ್ರೀ ಕೇಳಿದ್ರು ನಿಮ್ಮನ್ನ?"

"ಆ ನದಿ ಪಕ್ಕದ ಹಳ್ಳಿಗಳನ್ನೂ ನಾನೇ ಸುಡಿಸಿದ್ದು, ಜನ ಒಳಗಿದ್ದ ಹಾಗೇ. ಅದನ್ನ ಕೇಳ್ತೀಯಾ?"

ಕಿಲಿಯಾನ್ ಕೇಳಲಿಲ್ಲ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವನು ಮರದ ಕಾಲೂರಿಕೊಂಡು ವಾಪಸು ಹೋದ, ಬೆಂಚಿನಲ್ಲಿ ಸರಿದವರು ಮೊದಲಿನ ಜಾಗಕ್ಕೆ ಬಂದರು, ಇಸ್ಪೀಟು ಎಲೆ ಹಂಚಿದರು.

"ಅಫ್ರಾ, ಆ ಮಗ್ಗು ಹೊಳೆಗೆ ಎಸಿ" ಎಂದ ಮುಂದಿನ ವಾರ ಉದ್ದ ಮೇಜಿನವನೊಬ್ಬ.

"ತೂಗುಹಾಕಿದೋರು ನೀವು. ನೀವೇ ತೆಗೀರಿ" ಎಂದೆ. ಯಾರೂ ಮುಟ್ಟಲಿಲ್ಲ.

ಆಮೇಲೂ ಆರು ವರ್ಷ ಜನರಲ್ ಒಂದು ಗುರುವಾರವೂ ತಪ್ಪಿಸಲಿಲ್ಲ. ಕೋಟಿನ ತೋಳು ನೂಲು ಬಿಟ್ಟರೂ ಗುಂಡಿ ನೆಟ್ಟಗಿರುತ್ತಿತ್ತು. ಕಿಟಕಿ ಕಡೆ ಯಾರಾದರೂ ಮೇಜು ತಟ್ಟಿದರೆ ಅವರ ಬಲಗೈ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ಆಮೇಲೆ ಮೆಲ್ಲಗೆ ಬಿಚ್ಚಿ ಬ್ರೆಡ್ಡು ಮುರಿಯುತ್ತಿದ್ದರು. ಹೊರಡುವಾಗ ಕರವಸ್ತ್ರದಿಂದ ಮೇಜು ಒರೆಸಿ, ಮಗ್ಗು ತೊಳೆದು ಮೊಳೆಗೆ ಹಾಕುತ್ತಿದ್ದರು.

ಅರವತ್ತನಾಲ್ಕರ ಫೆಬ್ರವರಿಯಲ್ಲಿ ತುಂಬ ಕೆಮ್ಮುತ್ತಾ ಬಂದರು. ಸೂಪು ತೆಗೆದುಕೊಂಡು ಹೋದೆ. ಅವರು ತಲೆತಗ್ಗಿಸಿ ಕೂತಿದ್ದರು. ನನಗೇನಾಯಿತೋ, ಅವರ ಮೇಜನ್ನು ಎರಡು ಸಲ ತಟ್ಟಿದೆ.

ಅವರು ದಡಬಡನೆ ಅರ್ಧ ಎದ್ದರು. ಕೈ ಮೇಜಿನ ಮೇಲೆ ಬಂತು, ಬೆರಳು ಮಡಚಿತು. ಮುಖ ಎತ್ತಿ ನನ್ನನ್ನು ನೋಡಿದರು. ಅಷ್ಟರಲ್ಲಿ ವೆಂಡೆಲಿನ್ ನೆನಪಾದ. ಅಪ್ಪಣೆ ಬಂದ ಮೇಲೂ ಮಂಗಳವಾರ, ಬುಧವಾರ, ಎರಡು ದಿನ ಅವನು ಬದುಕೇ ಇದ್ದ.

"ಬೋಗುಣಿ ತಗುಲಿತು ಸಾಹೇಬ್ರೆ" ಎಂದೆ.

"ಹೌದೇನಮ್ಮ" ಎಂದು ಕೂತರು. ಸೂಪು ಪೂರ್ತಿ ಕುಡಿದರು, ಮೇಜು ಒರೆಸಿದರು. ಮುಂದಿನ ಗುರುವಾರ ಬರಲಿಲ್ಲ. ಅವರನ್ನು ಮಂಗಳವಾರವೇ ಮಣ್ಣು ಮಾಡಿದ್ದರು.

ಆ ಸಂಜೆ ಹಾಗೆ ಹೇಳಿದಾಗ ಬೋಗುಣಿಯನ್ನು ನಾನಿನ್ನೂ ಕೆಳಗೆ ಇಟ್ಟಿರಲಿಲ್ಲ, ಎಡಗೈಯಲ್ಲೇ ಇತ್ತು. ಅವರು ಅದನ್ನು ನೋಡಿದ್ದರು.