ಪದ್ಮಾಳ ಎದೆಯಲ್ಲಿ ಹರಿಯುತ್ತಿದ್ದದ್ದು

ಮೊದಲು ಸಂಶಯಪಟ್ಟವನು ನಾನಲ್ಲ, ಶಾಲೆಗೆ ಬಂದ ಡಾಕ್ಟರು. ಕಲ್ಲೋಳಿಯ ಶಾಲೆಯಲ್ಲಿ ಮಕ್ಕಳ ತಪಾಸಣೆ ಇತ್ತು. ಎಲ್ಲರ ಎದೆಗೂ ಸ್ಟೆತಸ್ಕೋಪ್ ಮುಟ್ಟಿಸಿ ಮುಂದೆ ಕಳಿಸುತ್ತಿದ್ದವರು ನನ್ನ ಮಗಳು ಪದ್ಮಾಳ ಹತ್ತಿರ ನಿಂತುಬಿಟ್ಟರಂತೆ. ಕಣ್ಣು ಮುಚ್ಚಿಕೊಂಡು ಕೇಳಿದರಂತೆ. ಸಂಜೆ ಮಾಸ್ತರರು ಮನೆಗೇ ಬಂದು, ಹುಡುಗಿಯನ್ನು ಗೋಕಾಕಿಗೆ ಕರೆದೊಯ್ದು ಹೃದಯದ ಡಾಕ್ಟರಿಗೆ ತೋರಿಸಿ ಅಂದರು.

ಎಂಟು ವರ್ಷದ ಹುಡುಗಿ. ಓಡುತ್ತಾಳೆ, ಜಗಳಾಡುತ್ತಾಳೆ. ತೆಳ್ಳಗಿದ್ದಾಳೆ, ಚಳಿ ಬಿದ್ದರೆ ಕೆಮ್ಮು ಬಿಡುವುದಿಲ್ಲ, ಅಷ್ಟೇ. ಮಾಸ್ತರರಿಗೆ ಚಹಾ ಕೊಟ್ಟು ಕಳಿಸಿದ ಮೇಲೆ ಹೆಂಡತಿ ಸುನಂದಾಳಿಗೆ ಹೇಳಿದೆ, ಗೋಕಾಕಿನ ಆಸ್ಪತ್ರೆಯವರು ಈ ಡಾಕ್ಟರನ್ನು ಗಿರಾಕಿ ಹುಡುಕಲು ಕಳಿಸಿರಬೇಕು ಅಂತ.

ನಾನು ಹಾಗೆ ಅನ್ನಲು ಕಾರಣವಿತ್ತು. ನಮ್ಮ ಹೊಲದಲ್ಲಿ ಪಂಪು ಚಾಲೂ ಮಾಡಿದ ಮೇಲೆ ಪೈಪಿನ ಮೇಲೆ ಅಂಗೈ ಇಟ್ಟು ನೋಡುತ್ತೇವೆ. ನಡುಗಿದರೆ ನೀರು ಹೊರಟಿದೆ. ಸುಮ್ಮನಿದ್ದರೆ ಏನೋ ಕೆಟ್ಟಿದೆ. ನಮ್ಮಪ್ಪ ನನ್ನ ಕೈಗೆ ಕಲಿಸಿದ ಮೊದಲ ವಿದ್ಯೆ ಅದು. ಪದ್ಮಾ ಕೂಸಾಗಿದ್ದಾಗಿನಿಂದ ಅವಳ ಎದೆಯ ಎಡಕ್ಕೆ, ಹೆಗಲಿನ ಕೆಳಗೆ, ಕೈಯಿಟ್ಟರೆ ಅದೇ ನಡುಕ. ಮನೆಯಲ್ಲಿ ಎಲ್ಲರಿಗಿಂತ ಗಟ್ಟಿ ಹೃದಯ ಇವಳದೇ ಎಂದು ನಂಬಿದ್ದೆ. ಬಂದ ಬೀಗರ ಕೈ ಹಿಡಿದು ಮುಟ್ಟಿಸಿ, "ನೋಡ್ರಿ, ಐದು ಎಚ್‌ಪಿ ಮೋಟರ್ ಐತಿ ಒಳಗ" ಅನ್ನುತ್ತಿದ್ದೆ.

ಆದರೂ ಮರುದಿನ ಮನಸ್ಸು ತಡೆಯಲಿಲ್ಲ. ತಮ್ಮನ ಮಕ್ಕಳಿಬ್ಬರು ಅಂಗಳದಲ್ಲಿ ಉಣ್ಣುತ್ತಿದ್ದರು. ಒಬ್ಬೊಬ್ಬರ ಎದೆಗೂ ಅಂಗೈ ಒತ್ತಿದೆ. ಸಣ್ಣವನು ಕಚಗುಳಿಯಾಗಿ ನಕ್ಕು ತಾಟಿನ ಮಜ್ಜಿಗೆ ಚೆಲ್ಲಿದ. ಆಮೇಲೆ ನನ್ನದೇ ಎದೆ ಮುಟ್ಟಿಕೊಂಡೆ. ಎಲ್ಲರದೂ ಬಡಿಯುತ್ತಿತ್ತು.

ಯಾರ ಎದೆಯಲ್ಲೂ ನೀರು ಹರಿಯುತ್ತಿರಲಿಲ್ಲ.

ಗೋಕಾಕಿಗೆ ವಾರಕ್ಕೊಮ್ಮೆ ಬೆಳಗಾವಿಯಿಂದ ಬರುವ ಡಾಕ್ಟರು ಹೃದಯದ ಸ್ಕ್ಯಾನ್, ಎಕೋ ಮಾಡಿ, ಇದಕ್ಕೆ ಪಿಡಿಎ ಅನ್ನುತ್ತಾರೆ ಅಂದರು. ಕೂಸು ಹೊಟ್ಟೆಯಲ್ಲಿದ್ದಾಗ ಉಸಿರಾಡುವುದಿಲ್ಲ. ರಕ್ತ ಶ್ವಾಸಕೋಶವನ್ನು ಬಿಟ್ಟು ಬಳಸಿ ಹೋಗಲು ಒಂದು ಸಣ್ಣ ನಾಳ ಇರುತ್ತದೆ. ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳಬೇಕು. ಇವಳದು ಮುಚ್ಚಿರಲಿಲ್ಲ. ಮೈಗೆ ಹೋಗಬೇಕಾದ ರಕ್ತದ ಒಂದು ಪಾಲು ತಿರುಗಿ ಶ್ವಾಸಕೋಶಕ್ಕೇ ನುಗ್ಗುತ್ತಿತ್ತು. ಕೆಮ್ಮು ಅದಕ್ಕೇ. ಹೃದಯ ಹೆಚ್ಚು ದುಡಿದು ದುಡಿದು ದೊಡ್ಡದಾಗಿತ್ತು.

ನಾನು ಊರಿಗೆಲ್ಲ ಮುಟ್ಟಿಸಿ ತೋರಿಸಿದ್ದು ಆ ಸೋರಿಕೆಯನ್ನು.

ಮೂಡಲಗಿಯ ನಮ್ಮ ಹಳೆಯ ಡಾಕ್ಟರ ಹತ್ತಿರ ಹೋದೆ. ಗೋಕಾಕಿನ ಮಾತು ಎತ್ತದೆ, ಸುಮ್ಮನೆ ನೋಡಿ ಅಂದೆ. ಅವರೂ ಅದೇ ಹೆಸರು ಹೇಳಿದರು. ರೋಗವನ್ನು ನಂಬಿದೆ. ಚಿಕಿತ್ಸೆಯನ್ನು ನಂಬಲಾಗಲಿಲ್ಲ. ಎದೆ ಕೊಯ್ಯುವುದಿಲ್ಲವಂತೆ. ತೊಡೆಯ ರಕ್ತನಾಳದಿಂದ ತಂತಿ ಹಾಯಿಸಿ, ಮುಚ್ಚದೆ ಉಳಿದ ಆ ನಾಳಕ್ಕೆ ಡಿವೈಸ್ ಎಂಬ ಸಣ್ಣ ಬಿರಡೆ ಕೂರಿಸುತ್ತಾರಂತೆ. ಹುಕ್ಕೇರಿಯಿಂದ ನನ್ನ ಮಾವ ಬಂದು ಕೂತಿದ್ದರು.

"ಅಳಿಯಂದಿರ, ಎದಿ ಕೊಯ್ಯಂಗಿಲ್ಲ ಅಂದ್ರ ಅವರು ಏನೂ ಮಾಡಂಗಿಲ್ಲ. ಮಲಗಿಸ್ತಾರ, ಎಬ್ಬಿಸ್ತಾರ, ಕಳಸ್ತಾರ."

ನನಗೂ ಹಾಗೇ ಅನಿಸಿತ್ತು. ತಲೆಯಾಡಿಸಿದೆ. ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಕಡೆ ತಿರುಗಿದಳು.

"ಕೊಯ್ತೀವಿ ಅಂದಿದ್ರ ಕಟುಕರು ಅಂತಿದ್ರಿ. ಕೊಯ್ಯಂಗಿಲ್ಲ ಅಂದ್ರ ಕಳ್ಳರು ಅಂತೀರಿ. ನೀವು ಇಲ್ಲೇ ಕುಂತು ಮಾತಾಡ್ರಿ. ಹುಡುಗಿನ್ನ ನಾ ಕರ್ಕೊಂಡ ಹೋಗ್ತೇನಿ."

ಹೊರಟೇಬಿಟ್ಟಳು. ನಾವಿಬ್ಬರೂ ಚೀಲ ಹೊತ್ತು ಹಿಂದೆ ಹೋದೆವು.

ಬೆಳಗಾವಿಯ ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ನನ್ನ ಹೊಟ್ಟೆಯಲ್ಲಿದ್ದದ್ದನ್ನು ಕೇಳಿದೆ. "ಸಾಹೇಬ್ರ, ತುಂಬಿ ಹರಿಯೋ ಕಾಲವಿ ಬಾಯಿ ಒಮ್ಮೆಲೇ ಮುಚ್ಚಿದ್ರ ಇನ್ನೊಂದ ಕಡೆ ಒಡ್ಡು ಒಡೀತೈತಿ. ಇಕಿದು ಒಡೆಯಂಗಿಲ್ಲ ಅಂತ ಹೆಂಗ ಹೇಳ್ತೀರಿ?"

ಡಾಕ್ಟರು ನಗಲಿಲ್ಲ. ತಮಗೂ ಅದೇ ಹೆದರಿಕೆ ಇರುವುದರಿಂದ ಮೊದಲು ಒಳಗಿನ ಒತ್ತಡ ಅಳೆಯುತ್ತೇವೆ ಅಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

"ಒತ್ತಡ ಭಾಳ ಇತ್ತಂದ್ರ ಮುಚ್ಚಂಗಿಲ್ರಿ, ಹಂಗ ಹೊರಗ ತರ್ತೇನಿ. ಆದ್ರ ಯಜಮಾನ್ರ, ಹಿಂಗ ಸಂಶೆ ಪಡ್ಕೋತ ವರ್ಷಗಟ್ಲೆ ಕುಂತ್ರ, ಮುಂದ ಮುಚ್ಚಬೇಕಂದ್ರೂ ಮುಚ್ಚಾಕ ಬರಂಗಿಲ್ಲ."

ಸಹಿ ಮಾಡಿದೆ.

ಹೊರಗೆ ಕೂತಿದ್ದಾಗ ಆ ಮಾತೇ ಕೊರೆಯುತ್ತಿತ್ತು. ಇಷ್ಟು ವರ್ಷ ನಾನು ಖುಷಿಪಟ್ಟ ನಡುಕ ಒಳಗೊಳಗೇ ಒತ್ತಡ ಏರಿಸಿದ್ದರೆ? ಮುಚ್ಚದೆ ಹಾಗೇ ತಂದುಬಿಟ್ಟರೆ?

ಮಧ್ಯಾಹ್ನ ಪದ್ಮಾಳನ್ನು ವಾರ್ಡಿಗೆ ತಂದರು. ಒತ್ತಡ ಏರಿರಲಿಲ್ಲ, ನಾಳ ಮುಚ್ಚಿದ್ದೇವೆ ಅಂದರು. ತೊಡೆಯ ಮೇಲೆ ಒಂದು ಪಟ್ಟಿ. ಎದೆಯ ಮೇಲೆ ಗೀರೂ ಇಲ್ಲ. ಮಾವನವರು ನನ್ನ ಮುಖ ನೋಡಿದರು. ನಾನು ಮೆಲ್ಲಗೆ ಅಂಗೈಯಿಟ್ಟೆ.

ಏನೂ ಇಲ್ಲ.

ಪೈಪು ಸುಮ್ಮನಾದರೆ ನೀರು ನಿಂತಿದೆ ಎಂದು ಕಲಿತ ಕೈ ಅದು. ಸಿಸ್ಟರನ್ನು ಕರೆಯಲು ಬಾಯಿ ತೆರೆದೆ. ಸುನಂದಾ ನನ್ನ ಅಂಗೈಯನ್ನು ಸ್ವಲ್ಪ ಕೆಳಕ್ಕೆ ಸರಿಸಿ, ಮೇಲೆ ತನ್ನ ಕೈಯಿಟ್ಟು ಒತ್ತಿದಳು. ಅಲ್ಲಿ ಬಡಿತ ಸಿಕ್ಕಿತು. ತಮ್ಮನ ಮಕ್ಕಳ ಎದೆಯಲ್ಲಿದ್ದಂಥದ್ದೇ, ನನ್ನ ಎದೆಯಲ್ಲಿರುವಂಥದ್ದೇ ಸಾದಾ ಬಡಿತ.

"ನೀರ ನಿಂತಿಲ್ರಿ," ಅಂದಳು. "ಸೋರೋದು ನಿಂತೈತಿ."

ಮನೆಗೆ ಬಂದು ಈಗ ಒಂದು ತಿಂಗಳು. ಮಾವನವರು ಹುಕ್ಕೇರಿ ಸಂತೆಯಲ್ಲಿ ಸಿಕ್ಕವರಿಗೆಲ್ಲ ಬೆಳಗಾವಿಯವರು ಏನೂ ಮಾಡಲಿಲ್ಲ ಎನ್ನುತ್ತಿದ್ದರು. ಹೋದ ರವಿವಾರ ಬಂದವರು ಮೊಮ್ಮಗಳನ್ನು ಹತ್ತಿರ ಕರೆದು, ಹಿಂದೆ ನಾನು ಮುಟ್ಟಿಸಿದ್ದ ಜಾಗದಲ್ಲೇ ಕೈಯಿಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ಕೈ ತೆಗೆದು ಚಹಾ ಕೇಳಿದರು.

ಆರು ತಿಂಗಳಿಗೆ ಮತ್ತೆ ಎಕೋ ಇದೆ. ಬಿರಡೆಯ ಮೇಲೆ ಮಾಂಸ ಬೆಳೆದು ಅದು ಗಟ್ಟಿಯಾಗಬೇಕು ಅಂದಿದ್ದಾರೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಕೈ ಮುಗಿದೇ ಬಂದಿದ್ದೇನೆ. ಆದರೆ ಹೊಸದಾಗಿ ಕಟ್ಟಿದ ಒಡ್ಡನ್ನು ಯಾವ ರೈತನೂ ನೋಡದೆ ಬಿಡುವುದಿಲ್ಲ. ದಿನಾ ಬೆಳಿಗ್ಗೆ ಪದ್ಮಾಳ ಶಾಲೆಯ ಅಂಗಿಗೆ ಗುಂಡಿ ಹಾಕುವ ನೆವದಲ್ಲಿ ಒಂದು ಕ್ಷಣ ಅಂಗೈಯಿಡುತ್ತೇನೆ. ಅವಳಿಗೂ ಗೊತ್ತಾಗಿದೆ. ಗದ್ದ ಮೇಲೆತ್ತಿ ಸುಮ್ಮನೆ ನಿಲ್ಲುತ್ತಾಳೆ.

"ಸೋರಾಕತ್ತೈತೇನ ಅಪ್ಪಾ?"

"ಇಲ್ಲವಾ," ಅನ್ನುತ್ತೇನೆ. "ಸಾಲಿಗೆ ಹೊತ್ತಾತು, ನಡಿ."